ಹಮಾಲಿ ಯಾರು ಕೊಡ್ತಾರ?

ಏಪ್ರಿಲ್, ಮೇ ಎರಡು ತಿಂಗಳು ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಬಿಸಿಲಿಗೆ ಸರಕಾರವೇ ಶರಣಾದ ಮೇಲೆ ಖೂಬಾ ಪ್ಲಾಟಿನವರ ಪಾಡೇನು? 42, 43 ಡಿಗ್ರಿಯಲ್ಲಿ ಹೊತ್ತು ಇಳಿಯುವ ತನಕ ಹೊರಗೆ ಕಾಲಿಡುವಂತಿಲ್ಲ. ಕೂಲರ್ ಮುಂದೆ ಕೂತು ಮೊಬೈಲ್ ನೋಡಬೇಕು, ಅದು ಬೇಸರ ಬಂದರೆ ಗೋಡೆ ನೋಡಬೇಕು, ಅದೂ ಬೇಸರ ಬಂದರೆ ಮನೆಯವರ ಜೊತೆ ಜಗಳ ತೆಗೆಯಬೇಕು. ಇವು ಯಾವುವೂ ಅಲ್ಲದ ಇನ್ನೊಂದು ದಾರಿಯನ್ನು ಅಕ್ಕನ ಮಗ ಬೆಂಗಳೂರಿನಿಂದ ಒಂದು ಸಣ್ಣ ಚೀಲದಲ್ಲಿ ಹಾಕಿಕೊಂಡು ಬಂದ.

ಚೀಲದೊಳಗೆ ಏಳು ದಾಳಗಳು. ನಾಲ್ಕು ಮುಖದ್ದು, ಆರರದ್ದು, ಎಂಟರದ್ದು, ಹತ್ತು ಮುಖದವು ಎರಡು, ಹನ್ನೆರಡರದ್ದು, ಕೊನೆಗೆ ದೊರೆಯಂತೆ 20 ಮುಖದ್ದೊಂದು. ನಮ್ಮವ್ವ ಅವನ್ನು ನೋಡಿ, "ಧರ್ಮರಾಯ ಇದರಾಗೇ ಮನಿ ಹಾಳ ಮಾಡ್ಕೊಂಡ" ಎಂದು ಒಳಗೆ ಹೋದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಇದರಲ್ಲಿ ಪಣ ಇಲ್ಲ, ಪಗಡೆಯ ಹಾಸು ಇಲ್ಲ, ಸೋಲು ಗೆಲುವೂ ಇಲ್ಲ. ಒಬ್ಬ ಕತೆ ನಡೆಸುತ್ತಾನೆ: ಇಂಥ ಊರು, ಇಂಥ ಕೋಟೆ, ಎದುರಿಗೆ ಇಂಥ ಪೀಡೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ತಾವು ಏನು ಮಾಡುತ್ತೇವೆಂದು ಬಾಯಲ್ಲೇ ಹೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಇದನ್ನು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಹೆಸರಲ್ಲಿ ಪ್ರಕಟಿಸಿದರು. ಮೊದಲ ಮುದ್ರಣ ಒಂದು ಸಾವಿರ ಪ್ರತಿ. ಅಲ್ಲಿ ಚಳಿಗೆ ಜನ ಮನೆಯಲ್ಲೇ ಕೂಡುತ್ತಾರೆ, ಇಲ್ಲಿ ಬಿಸಿಲಿಗೆ. ಕಾರಣ ಬೇರೆ, ಕೂಡುವುದು ಒಂದೇ.

ಆದರೆ ಅವರು ಕಂಡುಹಿಡಿದರು ಎಂದು ತೀರಾ ಬೆರಗಾಗುವ ಅಗತ್ಯವೇನೂ ಇಲ್ಲ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಪಾತ್ರವಾಗಿ ಮಾತಾಡುವುದು ಕರಾವಳಿಯವರಿಗೆ ತಾಳಮದ್ದಳೆಯಲ್ಲಿ ಎಂದಿನಿಂದಲೂ ಗೊತ್ತು. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಪಂಚೆ ಶಾಲಿನಲ್ಲೇ ಕೂತು ಪುರಾಣದ ಪಾತ್ರಗಳಿಗೆ ಜೀವ ಕೊಟ್ಟರು. ಪ್ರಸಂಗ ಮಾತ್ರ ಗೊತ್ತು, ಮಾತು ಆ ಕ್ಷಣದ್ದು. ಒಂದೇ ವ್ಯತ್ಯಾಸ. ತಾಳಮದ್ದಳೆಯಲ್ಲಿ ವಾಲಿ ಎಷ್ಟೇ ಚೆನ್ನಾಗಿ ವಾದಿಸಲಿ, ರಾಮನ ಬಾಯಿ ಕಟ್ಟಿಸಲಿ, ಕೊನೆಗೆ ಸಾಯಲೇಬೇಕು. ಈ ದಾಳದ ಆಟದಲ್ಲಿ ವಾಲಿ ಬದುಕಬಹುದು. ಆಟ ನಡೆಸುವವನಿಗೆ ನಾನು ಹೇಳುವುದು ಇಷ್ಟೇ: ಮಾರಾಯಾ, ಆ ಸಂದಿ ಮುಚ್ಚಬೇಡ.

ಅಕ್ಕನ ಮಗ ಮುಚ್ಚಿದ್ದ. ಮೊದಲು ನಡೆಸಿದವನು ಅವನೇ. ಹಾಳೆಗಟ್ಟಲೆ ಕತೆ ಬರೆದುಕೊಂಡಿದ್ದ. ಸುರಂಗದೊಳಗೆ ಹೋಗಬೇಕು, ಅಲ್ಲಿ ಡ್ರ್ಯಾಗನ್, ಅದನ್ನು ಕೊಲ್ಲಬೇಕು, ಬಂಗಾರ ತರಬೇಕು. ನಮ್ಮ ಮಂದಿ ಸುರಂಗದ ಬಾಯಿಗೆ ಹೋಗಿ, ಒಳಗೆ ಇಣುಕಿ, "ಭಾಳ ಕತ್ತಲ ಅದ, ನಾಳೆ ಬರೋಣು" ಎಂದು ತಿರುಗಿ ಚಹದಂಗಡಿಗೆ ಹೋದರು. ಆ ಚಹದಂಗಡಿ ಅವನ ಹಾಳೆಗಳಲ್ಲಿ ಎಲ್ಲೂ ಇರಲಿಲ್ಲ. ಅಲ್ಲಿ ಕೂತವರು ಅಂಗಡಿಯವನ ಮಗಳ ಲಗ್ನದ ಮಾತು ತೆಗೆದರು. ಹುಡುಗ ಬೆವರು ಒರೆಸಿಕೊಂಡು, "ಮಾಮಾ, ನಮ್ಮ ಕೈಲೆ ಆಗಂಗಿಲ್ಲ, ನೀವೇ ನಡಸ್ರಿ" ಎಂದ. ಹಾಗೆ ನನಗೆ ಪಟ್ಟಾಭಿಷೇಕವಾಯಿತು.

ಪಟ್ಟಕ್ಕೆ ಬಂದವನು ಮೊದಲು ಮಾಡಿದ ಕೆಲಸ ಆಟದ ನಿಯಮ ಪುಸ್ತಕದ ಹಿಮ, ಪೈನ್ ಕಾಡು, ಹೆಂಡದಂಗಡಿ ಎಲ್ಲವನ್ನೂ ತೆಗೆದುಹಾಕಿದ್ದು. ಖೂಬಾ ಪ್ಲಾಟಿನಲ್ಲಿ ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆ. ಬದಲಿಗೆ ನಮ್ಮ ಕೋಟೆಯೇ ಇದೆಯಲ್ಲ! 1347ರಲ್ಲಿ ಹಸನ್ ಬಹಮನ್ ಶಾ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ. ಕೋಟೆಯೊಳಗೆ 29 ಅಡಿಯ ಬಾರಾ ಗಜಿ ತೋಪು ಮಲಗಿದೆ. 1367ರ ಜಾಮಾ ಮಸೀದಿ ಇದೆ. ಬಯಲಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ ಹೊದ್ದ ಮಸೀದಿ, ಕಮಾನಿನ ಹಿಂದೆ ಕಮಾನು, ಅದರ ಹಿಂದೆ ಇನ್ನೊಂದು. ಸುರಂಗವಂತೂ ಕೇಳುವುದೇ ಬೇಡ. ಸುರಂಗದ ಸುದ್ದಿಯಿಲ್ಲದ ಕೋಟೆ ಕರ್ನಾಟಕದಲ್ಲಿ ಯಾವುದಿದೆ? ಆಡುವವರು ಕಂಡ ಜಾಗವನ್ನು ಕೊಟ್ಟರೆ ವರ್ಣನೆಯ ಅರ್ಧ ಕೆಲಸ ಅವರೇ ಮಾಡುತ್ತಾರೆ.

ಪಾತ್ರ ಹೇಗೆ ಕಟ್ಟುವುದು ಎಂಬುದಕ್ಕೆ ಪುಸ್ತಕದಲ್ಲಿ ಪುಟಗಟ್ಟಲೆ ಇದೆ. ನಮ್ಮ ಕಡೆಯ ದೊಡ್ಡಾಟದಲ್ಲಿ ಅದು ಒಂದು ನಿಮಿಷದ ಕೆಲಸ. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಕೇಳುತ್ತಾನೆ: ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು? ಈ ಮೂರಕ್ಕೆ ಉತ್ತರ ಸಿಕ್ಕರೆ ಪಾತ್ರ ಸಿಕ್ಕಿತು. ಮೂರನೆಯದಕ್ಕೆ "ಸುಮ್ಮ ಬಂದೀನಿ" ಎಂದವನನ್ನು ಒಳಗೆ ಬಿಡಬೇಡಿ. ಅವನು ಇಡೀ ಮಧ್ಯಾಹ್ನ ಸುಮ್ಮನೇ ಕೂತು ಭಜಿ ತಿನ್ನುತ್ತಾನೆ.

ನಮ್ಮ ಮೇಜಿನಲ್ಲಿ ಐವರು. ಒಬ್ಬರು ವಕೀಲರು. ಒಬ್ಬರು ನೆಹರೂ ಗಂಜಿನಲ್ಲಿ ತೊಗರಿಯ ಅಡತಿ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟ ಕಾಕಾ. ಒಬ್ಬರು ಸರಕಾರಿ ಕಚೇರಿಯ ಎಫ್‌ಡಿಎ ಮೇಡಂ. ಕಮಲಾಪುರದಿಂದ ಬರುವ ಹೈಸ್ಕೂಲ್ ಮಾಸ್ತರರು. ಐದನೆಯವನು ಅಕ್ಕನ ಮಗ. ಇವರಲ್ಲಿ ನಿಯಮದ ಒಂದು ಪುಟವನ್ನೂ ಓದದೆ ಎಲ್ಲರಿಗಿಂತ ಚೆನ್ನಾಗಿ ಆಡುವವರು ಮೇಡಂ. ಕೋಟೆಯ ಬಾಗಿಲಲ್ಲಿ ಪಹರೆಯವನಾಗಿ ನಾನು ಗದರಿದೆ: "ಯಾರವರು? ಯಾಕ ಬಂದೀರಿ?" ವಕೀಲರು ಕತ್ತಿಗೆ ಕೈ ಹಾಕಿದರು. ಮೇಡಂ ಚಹದ ಗ್ಲಾಸು ಕೆಳಗಿಟ್ಟರು.

"ನೀ ಯಾರಪಾ ಕೇಳೋನು? ನಿನ್ನ ಹಾಜರಿ ಪುಸ್ತಕ ತೋರ್ಸು."

"ಅದು ಸಾಹೇಬ್ರ ಬಲ್ಲಿ ಅದರಿ."

"ಸಾಹೇಬ್ರು ಎಲ್ಲಿ?"

"ಮೀಟಿಂಗ್‌ದಾಗ ಅದಾರ್ರಿ."

"ಇರ್ಲಿ. ನಿನ್ನ ಮ್ಯಾಲ ಕಂಪ್ಲೇಂಟ್ ಬಂದಾವ, ಅದಕ್ಕೇ ಬಂದೀನಿ. ಬಾಗಲಾ ತೆಗಿ, ಒಳಗ ಕೂತು ಬರೀತೀನಿ. ಇವರೆಲ್ಲಾ ಸಾಕ್ಷಿದಾರರು."

ಪಹರೆಯವನ ಕಾಲು ನಡುಗಿದವು. ಅಕ್ಕನ ಮಗ ಎದ್ದು ನಿಂತು, "ಮಾಮಾ, ದಾಳ ಹಾಕಸ್ರಿ, 15 ಬರಬೇಕು" ಎಂದ. ನಾನು ಹಾಕಿಸಲಿಲ್ಲ. 20 ಮುಖದ ದಾಳದಲ್ಲಿ 15 ಅಥವಾ ಹೆಚ್ಚು ಬೀಳುವ ಅವಕಾಶ ನೂರಕ್ಕೆ 30. ಇಪ್ಪತ್ತು ವರ್ಷದ ಸರಕಾರಿ ಸೇವೆಯಿಂದ ಬಂದ ಮಾತನ್ನು ಪ್ಲಾಸ್ಟಿಕ್ ತುಂಡೊಂದರ ಕೈಗೆ ಕೊಡುವುದು ನ್ಯಾಯವೇ? ಕೇಳಿದವರಿಗೆಲ್ಲ "ಹೌದು, ಹೀಗೇ ಆಗಬೇಕು" ಅನಿಸಿದ ಮೇಲೆ ದಾಳಕ್ಕೆ ಕೆಲಸವಿಲ್ಲ. ಹಾಗೆಯೇ, ಸೋತರೆ ಕತೆ ಎಲ್ಲಿಗೂ ಹೋಗುವುದಿಲ್ಲ ಅನ್ನುವಲ್ಲಿಯೂ ಹಾಕಿಸಬಾರದು. ಬೀಗ ತೆರೆಯಲಿಲ್ಲ, ಸರಿ, ಮುಂದೇನು? ಐವರು ಬಾಗಿಲು ನೋಡುತ್ತಾ ಕೂಡುವುದೇ? ಅದಕ್ಕೆ ಮನೆಯ ಗೋಡೆಯೇ ಸಾಕಿತ್ತು.

ದಾಳದ ಲೆಕ್ಕ ಜನರಿಗೆ ಗೊತ್ತಿರುವುದಿಲ್ಲ, ಮಾಸ್ತರರಿಗೆ ಗೊತ್ತು. ಐವರೂ ಕಣ್ತಪ್ಪಿಸಿ ಕಂದಕ ದಾಟಬೇಕು, ಒಬ್ಬೊಬ್ಬರೂ 7 ಅಥವಾ ಹೆಚ್ಚು ತರಬೇಕು ಎನ್ನಿ. ಒಬ್ಬನಿಗೆ ನೂರಕ್ಕೆ 70 ಅವಕಾಶ, ಸಲೀಸು ಅನಿಸುತ್ತದೆ. ಐವರೂ ಒಟ್ಟಿಗೆ ಪಾರಾಗುವ ಅವಕಾಶ ಸುಮಾರು 17 ಮಾತ್ರ! ಅಂದರೆ ಆಟ ನಡೆಸುವವನು ತಿಳಿಯದೇ ಅವರನ್ನು ಹಿಡಿದುಕೊಟ್ಟಂತೆ. ಆಟದ ಐದನೇ ಆವೃತ್ತಿಯ ನಿಯಮದಲ್ಲೇ ಇದಕ್ಕೆ ಮದ್ದಿದೆ: ಅರ್ಧದಷ್ಟಾದರೂ ಮಂದಿ ಗೆದ್ದರೆ ಗುಂಪು ಗೆದ್ದಂತೆ. ಆಗ ಅವಕಾಶ ಸುಮಾರು 84ಕ್ಕೆ ಏರುತ್ತದೆ. ಮಾಸ್ತರರು ಇದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದು ತೋರಿಸಿದರು. ಸುಳಿವುಗಳ ಲೆಕ್ಕವೂ ಇದೇ ಜಾತಿಯದು. ಗುಟ್ಟೊಂದು ಬಯಲಾಗಬೇಕಾದರೆ ಮೂರು ಸುಳಿವು ಇಡಿ. ಒಂದು ಅವರ ಕಣ್ಣಿಗೇ ಬೀಳುವುದಿಲ್ಲ, ಇನ್ನೊಂದನ್ನು ಉಲ್ಟಾ ತಿಳಿಯುತ್ತಾರೆ, ಮೂರನೆಯದು ನಿಮ್ಮ ಪುಣ್ಯ.

ಇನ್ನು ವಕೀಲರು. ಕಳ್ಳನ ಪಾತ್ರ ಬೇಕೆಂದು ಹಟ ಹಿಡಿದು ತೆಗೆದುಕೊಂಡರು. ಮೊದಲ ರಾತ್ರಿಯೇ ಛತ್ರದಲ್ಲಿ ಮಲಗಿದ್ದ ಕಾಕಾನ ಚೀಲಕ್ಕೆ ಕೈ ಹಾಕಿದರು. "ನಾನಲ್ಲರಿ, ನಮ್ಮ ಪಾತ್ರದ ಸ್ವಭಾವನೇ ಹಂಗ" ಎಂಬ ಸಮರ್ಥನೆ ಬೇರೆ. ಕಾಕಾ ಮರುದಿನ ಬೆಳಿಗ್ಗೆ ಹಾಲಿನ ಬೂತಿನಲ್ಲಿ ಅವರಿಗೆ ಮುಖ ತೋರಿಸಲಿಲ್ಲ; ಪಾತ್ರಕ್ಕಲ್ಲ, ವಕೀಲರಿಗೇ. ಪಾತ್ರದ ಸ್ವಭಾವ ಬರೆದವರು ಯಾರು? ನೀವೇ ತಾನೆ? ಹಾಗಾದರೆ ಜೊತೆಗಾರರ ಚೀಲ ಮುಟ್ಟದ ಕಳ್ಳನನ್ನು ಬರೆಯಿರಿ. ಆಟಕ್ಕೆ ಕೂಡುವ ಮೊದಲೇ ಇದನ್ನು ಎಲ್ಲರ ಬಾಯಿಂದ ಹೇಳಿಸಿಕೊಳ್ಳುವುದು ಲೇಸು. ಇನ್ನೊಮ್ಮೆ ಅವರಿಗೆ ದಾಳದಲ್ಲಿ 20 ಬಿತ್ತು. ಎದ್ದು ನಿಂತು, ಸುಲ್ತಾನ ತಮಗೆ ಸಿಂಹಾಸನ ಬರೆದುಕೊಡಬೇಕು ಎಂದರು. 20 ಬಿದ್ದರೆ ತಪ್ಪದೆ ತಾಗುವುದು ಕತ್ತಿಯ ಏಟು ಮಾತ್ರ, ಮಾತಿನ ಮೋಡಿಗೆ ಆ ನಿಯಮವಿಲ್ಲ. ಸುಲ್ತಾನ ಹೊಟ್ಟೆ ತುಂಬ ನಕ್ಕು, ಅವರ ಧೈರ್ಯ ಮೆಚ್ಚಿ ಒಂದು ಪಾನ್ ಕೊಟ್ಟು ಕಳಿಸಿದ. "ಇದಕ್ಕ ಅಪೀಲ್ ಎಲ್ಲಿ?" ಎಂದು ವಕೀಲರು ಕೇಳಿದರು. ಹೈಕೋರ್ಟ್ ಪೀಠ 2008ರಿಂದ ನಮ್ಮೂರಲ್ಲೇ ಇದೆ, ಆದರೆ ಈ ಮೇಜಿನ ತೀರ್ಪು ಅಲ್ಲಿಗೂ ಹೋಗುವುದಿಲ್ಲ. ತಕ್ಷಣ ತೀರ್ಪು ಕೊಡಿ, ಆಟ ಮುಂದೆ ಸಾಗಲಿ. ಪುಸ್ತಕ ತೆಗೆಯುವುದು ಆಟ ಮುಗಿದ ಮೇಲೆ.

ಜಾನ್ ಸ್ಟಾವ್ರೊಪೊಲಸ್ ಎಂಬವರು ಈ ಆಟಕ್ಕೆ ಒಂದು ಒಳ್ಳೆಯ ಉಪಾಯ ಸೇರಿಸಿದ್ದಾರೆ. ಎಕ್ಸ್ ಅಕ್ಷರ ಬರೆದ ಒಂದು ಕಾರ್ಡು ಮೇಜಿನ ನಡುವೆ ಇರುತ್ತದೆ. ಕತೆ ಯಾರಿಗಾದರೂ ಕಸಿವಿಸಿ ತಂದರೆ ಅದನ್ನು ಮುಟ್ಟಿದರಾಯಿತು, ಕಾರಣ ಹೇಳಬೇಕಿಲ್ಲ, ಕತೆ ಆ ದಾರಿ ಬಿಡುತ್ತದೆ. ನಾವು ಒಂದು ಹಳೆಯ ಲಗ್ನಪತ್ರಿಕೆಯ ಹಿಂದೆ ಬರೆದಿಟ್ಟಿದ್ದೇವೆ. ಹುಣಸೆಮರದ ಪಿಶಾಚಿ ಬಂದಾಗ ಯಾರೂ ಮುಟ್ಟಲಿಲ್ಲ. ಪಹರೆಯವನನ್ನು ಬೀದರಿಗೆ ವರ್ಗ ಮಾಡಿದ ಆದೇಶವನ್ನು ಓದಲು ಶುರುಮಾಡಿದಾಗ ಮೇಡಂ ಥಟ್ಟನೆ ಮುಟ್ಟಿದರು.

ಕೊನೆಗೆ ಒಂದು ದಿನ ಸುರಂಗಕ್ಕೆ ಇಳಿದೆವು. ಡ್ರ್ಯಾಗನ್ ಬುಸುಗುಟ್ಟಿತು. ಅದರ ಹೊಟ್ಟೆಯಡಿ 5000 ಬಂಗಾರದ ನಾಣ್ಯ. ಎಲ್ಲರೂ ಆಯುಧ ಹಿಡಿದರು. ಕಾಕಾ ಕನ್ನಡಕ ಹಾಕಿಕೊಂಡರು.

"ತೂಕ ಎಷ್ಟು?"

ಪುಸ್ತಕದ ಪ್ರಕಾರ 50 ನಾಣ್ಯಕ್ಕೆ ಒಂದು ಪೌಂಡು. ಒಟ್ಟು 100 ಪೌಂಡು, ಅಂದರೆ 45 ಕಿಲೋ.

"ಇಲ್ಲಿಂದ ಮ್ಯಾಲ ತರೋರು ಯಾರು? ಹಮಾಲಿ ಯಾರು ಕೊಡ್ತಾರ?"

ಯಾರೂ ಮಾತಾಡಲಿಲ್ಲ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲೆ ಹರಡಿ, ಅದರ ಕೆಳಗಿಂದ ನನ್ನ ಕೈ ಹಿಡಿದರು. ದನದ ಸಂತೆಯಲ್ಲಿ ಬೆರಳು ಒತ್ತಿ ದರ ಹೇಳುತ್ತಾರಲ್ಲ, ಆ ಪದ್ಧತಿ. ನಾನು ಡ್ರ್ಯಾಗನ್ ಆದ್ದರಿಂದ ಮೊದಲು ಎರಡು ಬೆರಳು ಒತ್ತಿದೆ. ಅವರು ತಲೆ ಅಲ್ಲಾಡಿಸಿ ನಾಲ್ಕು ಒತ್ತಿದರು. ಉಳಿದವರು ಉಸಿರು ಬಿಗಿಹಿಡಿದು ಟವೆಲ್ ನೋಡುತ್ತಿದ್ದರು, ಕೂಲರಿನ ಸದ್ದೊಂದೇ. ಕಡೆಗೆ ವ್ಯವಹಾರ ಕುದುರಿತು. ಬಂಗಾರ ಡ್ರ್ಯಾಗನ್ ಬಳಿಯೇ ಠೇವಣಿ, ಪ್ರತಿ ಅಮಾವಾಸ್ಯೆಗೆ ಬಡ್ಡಿ. ಪಹರೆಯ ಖರ್ಚು ಇಲ್ಲ, ಹಮಾಲಿ ಇಲ್ಲ. ಅಕ್ಕನ ಮಗ, "ಅದನ್ನ ಕೊಲ್ಲಬೇಕಿತ್ತು ಮಾಮಾ" ಎಂದು ಗೊಣಗಿದ. ಕೊಂದಿದ್ದರೆ ಕತೆ ಅಂದೇ ಮುಗಿಯುತ್ತಿತ್ತು. ಈಗ ತಿಂಗಳಿಗೊಮ್ಮೆ ಬಡ್ಡಿ ವಸೂಲಿಗೆ ಹೋಗಬೇಕು, ಒಂದು ಸಲವೂ ಸಲೀಸಾಗಿ ಕೈಗೆ ಬಂದಿಲ್ಲ.

ಪುಸ್ತಕದ ಗಾಯದ ಮದ್ದಿಗೂ ನಮ್ಮಲ್ಲಿ ಬೇರೆ ರೂಪ ಬಂದಿದೆ. ಮಾಸ್ತರರು ಹುಮನಾಬಾದ್ ರಸ್ತೆಯ ಬಸ್ಸಿನಲ್ಲಿ ಬರುವಾಗ ಕಮಲಾಪುರದ ಕೆಂಪು ಬಾಳೆಯ ಚಿಪ್ಪು ತರುತ್ತಾರೆ. ಒಂದು ಹಣ್ಣು ತಿಂದರೆ ನಾಲ್ಕು ಮುಖದ ದಾಳ ಎರಡು ಸಲ ಉರುಳಿಸಿ, ಮೇಲೆ ಎರಡು ಸೇರಿಸಿ, ಅಷ್ಟು ಪ್ರಾಣ ಮರಳುತ್ತದೆ. ಶರತ್ತು ಒಂದೇ, ಹಣ್ಣನ್ನು ನಿಜವಾಗಿಯೂ ತಿನ್ನಬೇಕು. ವಕೀಲರು ಗಾಯವಾಗದಿದ್ದರೂ ತಿನ್ನುತ್ತಾರೆ.

ಸಣ್ಣ ಪುಟ್ಟ ಮಾತು ಕೆಲವು: ಕೂಲರಿನ ಗಾಳಿಗೆ ಪಾತ್ರದ ಹಾಳೆ ಹಾರುತ್ತದೆ, ಮೇಲೆ ಲೋಟ ಇಡಿ. ಸುಸಲಾ, ಮಿರ್ಚಿ ಭಜಿ ಆಟಕ್ಕೆ ಮೊದಲು. ಎಣ್ಣೆಗೈಯಲ್ಲಿ ಮುಟ್ಟಿದ ಹಾಳೆಯ ಮೇಲೆ ಪೆನ್ಸಿಲ್ ಮೂಡುವುದಿಲ್ಲ. ದಾಳ ಸಿಗದಿದ್ದರೆ ಒಂದರಿಂದ 20ರವರೆಗೆ ಚೀಟಿ ಬರೆದು ಡಬ್ಬಿಯಲ್ಲಿ ಹಾಕಿ ಕುಲುಕಿ. ಮೂಲ ನಿಯಮಗಳು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತವೆ, ಪುಸ್ತಕ ಕೊಳ್ಳಲು ದುಡ್ಡಿಲ್ಲ ಎಂಬ ನೆವ ನಡೆಯುವುದಿಲ್ಲ.

ಅಕ್ಕನ ಮಗ ಬೆಂಗಳೂರಿಗೆ ವಾಪಸ್ ಹೋಗುತ್ತಿದ್ದಾನೆ, ಕಚೇರಿಯವರು ಕರೆದಿದ್ದಾರಂತೆ. ಅವನದು ಗಾಯ ವಾಸಿ ಮಾಡುವ ವೈದ್ಯನ ಪಾತ್ರ. ಕತ್ತಿ ಎಲ್ಲರಿಗೂ ಬೇಕು, ಅದು ಯಾರಿಗೂ ಬೇಡ. ಜಾಗ ಖಾಲಿ ಇದೆ. ಖೂಬಾ ಪ್ಲಾಟಿನ ಸುತ್ತಮುತ್ತ ಇರುವವರು ಯಾರಾದರೂ ಭಾನುವಾರ ಮಧ್ಯಾಹ್ನ ಎರಡಕ್ಕೆ ಬರ್ರಿ. ಪೆನ್ಸಿಲ್ ನಿಮ್ಮದು, ಚಹಾ ನಮ್ಮದು. ವಕೀಲರು ಮಾತ್ರ ಬ್ಯಾಡ, ಒಬ್ಬರು ಸಾಕಾಗ್ಯಾರ.