ಲಿಮಿಟ್ಸ್ ಮೀರಿದ ಸಹಕಾರ

ವಾರಂಟ್ ಇಲ್ಲದೆ ಹಿಡಿಯಬಹುದಾದ ಆರೋಪಿಯನ್ನು ಭಾರತದ ಯಾವ ಮೂಲೆಗೆ ಬೇಕಾದರೂ ಬೆನ್ನಟ್ಟಿಕೊಂಡು ಹೋಗಿ ಎಂದು ದಂಡ ಪ್ರಕ್ರಿಯಾ ಸಂಹಿತೆಯ 48ನೇ ಕಲಂ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿತ್ತು. ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 45ನೇ ಕಲಮೂ ಅದನ್ನೇ ಹೇಳುತ್ತದೆ. ಆದರೆ ಬೈಕು ಕಳೆದುಕೊಂಡು ಠಾಣೆಯ ಮೆಟ್ಟಿಲು ಹತ್ತಿದವನಿಗೆ ಓದಿ ಹೇಳುವ ಕಲಮೇ ಬೇರೆ: 'ಇದು ನಮ್ ಲಿಮಿಟ್ಸ್‌ಗೆ ಬರಲ್ಲ ಕಣ್ರೀ, ಆ ಸ್ಟೇಷನ್‌ಗೆ ಹೋಗಿ.'

ಒಂದೇ ಊರಿನ ಎರಡು ಠಾಣೆಗಳ ಗತಿ ಇದಾದರೆ, ಎರಡು ರಾಜ್ಯಗಳು ಕೂಡಿ ಒಬ್ಬನನ್ನು ಅಟ್ಟಿಸಿಕೊಂಡು ಹೋದದ್ದು ಹೇಗಿರಬೇಡ! ಕಾಡುಗಳ್ಳ ವೀರಪ್ಪನ್ ಹುಟ್ಟಿದ್ದು ಕರ್ನಾಟಕದ ಗೋಪಿನಾಥಂನಲ್ಲಿ, ಮಣ್ಣಾದದ್ದು ತಮಿಳುನಾಡಿನ ಮೂಲಕ್ಕಾಡಿನಲ್ಲಿ. ನಡುವಿನ ಅಷ್ಟೂ ವರ್ಷ ಗಡಿಯನ್ನು ಲೆಕ್ಕಕ್ಕೇ ಇಡದೆ ಓಡಾಡಿದವನು ಅವನೊಬ್ಬನೇ. ಅವನ ಹಿಂದೆ ಕರ್ನಾಟಕದ್ದೊಂದು ಕಾರ್ಯಪಡೆ, ತಮಿಳುನಾಡಿನದೊಂದು ಕಾರ್ಯಪಡೆ. ಸಾಲದೆಂದು 1993ರಲ್ಲಿ ಗಡಿ ಭದ್ರತಾ ಪಡೆಯನ್ನೂ ಕರೆಸಿದರು. ಪಾಕಿಸ್ತಾನದ ಗಡಿ ಕಾಯುವವರನ್ನು ಕೊಳ್ಳೇಗಾಲಕ್ಕೂ ಮೆಟ್ಟೂರಿಗೂ ನಡುವೆ ತಂದು ನಿಲ್ಲಿಸಿದ ಮೇಲೆ, ಅದು ಎಂಥ ಗಡಿಯೆಂದು ದೆಹಲಿಗೂ ಗೊತ್ತಾಗಿರಬೇಕು.

ಆ ಕಾಡಿನಲ್ಲಿ ಜೀವ ತೆತ್ತವರ ವಿಷಯದಲ್ಲಿ ತಮಾಷೆಯಿಲ್ಲ. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿದು 22 ಮಂದಿ ಸತ್ತರು. ತಮಾಷೆಯೇನಿದ್ದರೂ ಮೇಲಿನವರ ಸಮನ್ವಯ ಸಭೆಗಳದ್ದು.

2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ. ಊರು ಅಣ್ಣಾವ್ರದು, ಅಲ್ಲಿನ ಮಾತು ಕನ್ನಡ, ಪೊಲೀಸ್ ಲಿಮಿಟ್ಸ್ ಮಾತ್ರ ತಮಿಳುನಾಡಿನದು. ಇಬ್ಬರು ಮುಖ್ಯಮಂತ್ರಿಗಳು, ಎರಡು ಪೊಲೀಸ್ ಇಲಾಖೆಗಳು ಸೇರಿ ಕಾಡಿಗೆ ಕಳಿಸಿದ್ದು ಯಾರನ್ನು? ಒಬ್ಬ ಪತ್ರಿಕಾ ಸಂಪಾದಕರನ್ನು. ಪಡೆಗಳಿಗೆ ವರ್ಷಗಟ್ಟಲೆ ಸಿಗದಿದ್ದ ದಾರಿ ನಕ್ಕೀರನ್ ಗೋಪಾಲ್‌ಗೆ ಸಿಕ್ಕಿತು. ಅಣ್ಣಾವ್ರು ಮನೆಗೆ ಬರುವಷ್ಟರಲ್ಲಿ 108 ದಿನ.

ಕೊನೆಗೆ 2004ರ ಅಕ್ಟೋಬರ್ 18ರ ರಾತ್ರಿ, ಧರ್ಮಪುರಿ ಜಿಲ್ಲೆಯ ಪಾಪ್ಪಾರಪಟ್ಟಿ ಬಳಿ, ಆಂಬುಲೆನ್ಸಿನಲ್ಲಿ ವೀರಪ್ಪನ್ ಕಥೆ ಮುಗಿಯಿತು. ಕಾರ್ಯಾಚರಣೆ ತಮಿಳುನಾಡಿನದು, ಸಂಭ್ರಮ ಜಂಟಿ.

ಹಾಗಾದರೆ ಗಡಿ ಮರೆತ ನಿಜವಾದ ಸಹಕಾರ ಎಲ್ಲೂ ಇರಲಿಲ್ಲವೇ? ಇತ್ತು. ಮಹದೇಶ್ವರ ಬೆಟ್ಟದಲ್ಲಿತ್ತು. ಅಲ್ಲಿ ಕಾರ್ಯಪಡೆಯ ವಿಚಾರಣಾ ಕೊಠಡಿಗೆ 'ವರ್ಕ್‌ಶಾಪ್' ಎಂದು ಹೆಸರು. ಕೈಗಳನ್ನು ಹಿಂದಕ್ಕೆ ಕಟ್ಟಿ ಸೂರಿಗೆ ನೇತುಹಾಕಿದ್ದು, ಕಿವಿಗೆ ಕ್ಲಿಪ್ ಸಿಕ್ಕಿಸಿ ಕರೆಂಟು ಕೊಟ್ಟದ್ದು, ಎಲ್ಲವನ್ನೂ ಹಳ್ಳಿಗರು ಮಾನವ ಹಕ್ಕು ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. ಗಡಿಯ ಆಚೆಯವರೂ ಈಚೆಯವರೂ ಬಂದು ಹೇಳಿದರು. ಅಂಥವರ ವಿಷಯದಲ್ಲಿ ಮಾತ್ರ 'ನಮ್ ಲಿಮಿಟ್ಸ್‌ಗೆ ಬರಲ್ಲ' ಎಂದು ಯಾರೂ ವಾಪಸ್ ಕಳಿಸಿದಂತಿಲ್ಲ.

ಇನ್ನು ಲೆಕ್ಕಾಚಾರ. ವೀರಪ್ಪನ್ ಸತ್ತ ಮೇಲೆ ತಮಿಳುನಾಡು ಸರ್ಕಾರ ತನ್ನ ಪಡೆಯ ಒಬ್ಬೊಬ್ಬರಿಗೂ 3 ಲಕ್ಷ ರೂಪಾಯಿ, ಒಂದು ಸೈಟು, ಒಂದು ಬಡ್ತಿ ಘೋಷಿಸಿತು. ಅದಕ್ಕೆ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಪಡೆಗಳ ಕೈಗೆ ಸಿಕ್ಕಿ ನರಳಿದವರ ಪೈಕಿ 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಎಂದು ರಾಷ್ಟ್ರೀಯ ಮಾನವ ಹಕ್ಕು ಆಯೋಗ ಹೇಳಿದ್ದು 2007ರಲ್ಲಿ. ಭಾಗಿಸಿ ನೋಡಿ, ಸರಾಸರಿ ತಲೆಗೆ 3 ಲಕ್ಷದ 14 ಸಾವಿರ ಚಿಲ್ಲರೆ. ಹೊಡೆದವರು ಯಾರು, ಹೊಡೆಯದವರು ಯಾರು ಎಂದು ಕೇಳದೆ ಇಡೀ ಪಡೆಗೆ ಹಂಚಿದ್ದಕ್ಕಿಂತ ಹದಿನಾಲ್ಕು ಸಾವಿರ ಜಾಸ್ತಿಯೇ ಆಯಿತು. ಸೈಟು ಮಾತ್ರ ಇಲ್ಲ.