ಕಂಪ್ಯೂಟರ್ ಸರ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕಾಲೇಜುಗಳಲ್ಲಿ, ಹಾಜರಿ ಪುಸ್ತಕದ ಕೊನೆಯ ಸಾಲುಗಳಲ್ಲೆಲ್ಲೋ ಲ್ಯಾಬ್ ಸಹಾಯಕನೆಂದು ದಾಖಲಾಗಿದ್ದರೂ, ಪ್ರಾಚಾರ್ಯರಿಂದ ಹಿಡಿದು ಸಿಪಾಯಿಯವರೆಗೆ ಎಲ್ಲರ ಬಾಯಲ್ಲೂ 'ಕಂಪ್ಯೂಟರ್ ಸರ' ಎನಿಸಿಕೊಳ್ಳುವ ಒಬ್ಬ ವ್ಯಕ್ತಿ ಕಾಣಸಿಗುತ್ತಾನೆ. ಅವನ ದೊಡ್ಡಸ್ತಿಕೆಯೆಲ್ಲ ಒಂದು ಪಾಸ್‌ವರ್ಡಿನಲ್ಲಿದೆ. ಸಂಸ್ಥೆಯಲ್ಲಿ ಯಾರ‍್ಯಾರಿದ್ದಾರೆ, ಯಾರಿಗೆ ಯಾವ ತಂತ್ರಾಂಶ ತೆರೆದುಕೊಳ್ಳಬೇಕು ಎಂಬುದನ್ನು ಅಂತರ್ಜಾಲದಲ್ಲೇ ಬರೆದಿಟ್ಟುಕೊಳ್ಳುವ ಕ್ಲೌಡ್ ವ್ಯವಸ್ಥೆಗೆ ಆ ಪಾಸ್‌ವರ್ಡೇ ಬೀಗದ ಕೈ. ಮೈಕ್ರೋಸಾಫ್ಟ್ ಕಂಪನಿಯು ಈ ವ್ಯವಸ್ಥೆಯ 'ಅಜೂರ್ ಆಕ್ಟಿವ್ ಡೈರೆಕ್ಟರಿ' ಎಂಬ ಹೆಸರನ್ನು 2023ರಲ್ಲಿ 'ಎಂಟ್ರಾ ಐಡಿ' ಎಂದು ಬದಲಿಸಿತಾದರೂ ಸರ ಹಳೆಯ ಹೆಸರನ್ನೇ ಹಿಡಿದಿದ್ದಾನೆ. ಪ್ರಾಚಾರ್ಯರು ಅದನ್ನು ತಡವರಿಸದೆ ಹೇಳಲು ಕಲಿತದ್ದೇ ಈಚೆಗೆ.

ಲೈಸೆನ್ಸ್ ಎಂದರೆ ಒಂದು ತಂತ್ರಾಂಶವನ್ನು ಬಳಸಲು ಒಬ್ಬರಿಗೆ ದೊರೆಯುವ ಪರವಾನಗಿ. ಅದನ್ನು ಒಬ್ಬೊಬ್ಬರ ಹೆಸರಿಗೆ ನೇರವಾಗಿ ಕೊಡಬಹುದು, ಇಲ್ಲವೇ ಹೆಸರುಗಳನ್ನೆಲ್ಲ ಒಂದು ಗ್ರೂಪಿಗೆ ಸೇರಿಸಿ, ಗ್ರೂಪಿಗೇ ಕೊಟ್ಟುಬಿಡಬಹುದು. ಸರನ ಒಲವು ಮೊದಲನೆಯದರ ಕಡೆಗೆ. ಉಪನ್ಯಾಸಕರೊಬ್ಬರು ಬಾಗಿಲಲ್ಲಿ ನಿಂತು "ಸರ, ನಂದು ವರ್ಡ್ ಓಪನ್ ಆಗವಲ್ದರೀ" ಎಂದರೆ, ಅವನು ಪರದೆಯಿಂದ ಕಣ್ಣು ಕೀಳದೆ ಅವರ ಹೆಸರು ಹುಡುಕಿ, ಬಳಕೆದಾರ ಯಾವ ದೇಶದವರೆಂದು ಕೇಳುವ ಖಾಲಿ ಚೌಕದಲ್ಲಿ ಭಾರತವನ್ನು ಆರಿಸಿ (ಅದು ಖಾಲಿಯಿದ್ದರೆ ನೇರ ಲೈಸೆನ್ಸ್ ಹತ್ತುವುದೇ ಇಲ್ಲ), ಒಂದು ಗುರುತು ಹಾಕುತ್ತಾನೆ. ಕೆಲಸ ಅಲ್ಲಿಗೆ ಮುಗಿದಿರುತ್ತದೆ. ಆದರೂ ಅವನ ಬಾಯಿಂದ ಬರುವ ಮಾತು, "ಭಾಳ ತಾಂತ್ರಿಕ ಐತ್ರಿ, ಸಂಜಿಕ ಬರ್ರಿ."

ಹೀಗೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವುದು ಅವನ ಸ್ವಭಾವಕ್ಕೆ ಒಗ್ಗದು. ಲೈಸೆನ್ಸ್ ತೆಗೆದರೂ ಹಳೆಯ ಮೇಲ್‌ಗಳು 30 ದಿನ ಉಳಿದಿರುತ್ತವೆಂದು ತಿಳಿದಿದ್ದರೂ, ಹಾರ ಹಾಕಿ ಬೀಳ್ಕೊಟ್ಟ ಹಿರಿಯರಿಂದ ಅದನ್ನು ಕಸಿದುಕೊಳ್ಳುವುದು ಮರ್ಯಾದೆಯಲ್ಲವೆಂದು ಅವನು ಬಗೆದಿರುವುದರಿಂದ, ನಿವೃತ್ತರು ಮನೆಯಲ್ಲಿ ಕುಳಿತು ಲೈಸೆನ್ಸ್ ಭೋಗಿಸುತ್ತಿರುವಾಗ ಹೊಸದಾಗಿ ಬಂದ ಅತಿಥಿ ಉಪನ್ಯಾಸಕರು ಸಂಜೆಗಾಗಿ ಕಾಯುತ್ತಿರುತ್ತಾರೆ.

ಪ್ರಾಚಾರ್ಯರು ಗದರಿದ ಮೇಲೆ ಗ್ರೂಪಿನ ಪದ್ಧತಿ ಬರುತ್ತದೆ. ಸರ ಕನ್ನಡ, ಇತಿಹಾಸ, ವಾಣಿಜ್ಯ ಎಂದು ವಿಭಾಗಕ್ಕೊಂದು ಗ್ರೂಪ್ ಕಟ್ಟಿ, ಅವನ್ನೆಲ್ಲ 'ಸಮಸ್ತ ಸಿಬ್ಬಂದಿ' ಎಂಬ ದೊಡ್ಡ ಗ್ರೂಪಿನೊಳಗೆ ತುಂಬಿ, ಲೈಸೆನ್ಸನ್ನು ದೊಡ್ಡದಕ್ಕೆ ಕೊಟ್ಟು ಚಹಾಕ್ಕೆ ಹೋಗುತ್ತಾನೆ. ಮರಳಿ ಬರುವಷ್ಟರಲ್ಲಿ ಬಾಗಿಲಲ್ಲಿ ಸಂತೆ ನೆರೆದಿರುತ್ತದೆ. ಲೈಸೆನ್ಸ್ ದಕ್ಕುವುದು ಗ್ರೂಪಿನ ನೇರ ಸದಸ್ಯರಿಗೆ ಮಾತ್ರ. ಗ್ರೂಪಿನೊಳಗಿನ ಗ್ರೂಪಿನವರ ಪಾಡು ಇಂಡಿ ಶಾಖಾ ಕಾಲುವೆಯ ಕೊನೆಯಂಚಿನ ರೈತರದು, ಮೇಲೆ ನೀರು ಬಿಟ್ಟ ಸುದ್ದಿ ಬರುತ್ತದೆ, ಹೊಲಕ್ಕೆ ನೀರು ಬರುವುದಿಲ್ಲ. 'ಸಮಸ್ತ ಸಿಬ್ಬಂದಿ'ಯ ನೇರ ಸದಸ್ಯ ಸರನೊಬ್ಬನೇ ಆದ್ದರಿಂದ ಅವನ ವರ್ಡ್ ಮಾತ್ರ ಚೆನ್ನಾಗಿ ತೆರೆಯುತ್ತದೆ.

ತಪ್ಪು ತಿದ್ದಿದ ಮೇಲೆ ಅವನಿಗೆ ನಿಜವಾದ ಸಂಕಟ ಶುರುವಾಗುತ್ತದೆ. ಗ್ರೂಪಿನ ಮೂಲಕ ಬಂದ ಲೈಸೆನ್ಸನ್ನು ಒಬ್ಬರ ಹೆಸರಿನಿಂದ ನೇರವಾಗಿ ತೆಗೆಯಲು ವ್ಯವಸ್ಥೆ ಒಪ್ಪದ ಕಾರಣ, ಎದುರು ಸಿಕ್ಕರೂ ನಮಸ್ಕರಿಸದ ಉಪನ್ಯಾಸಕರ ವರ್ಡ್ ಮುಚ್ಚಿಸಬೇಕೆಂದರೆ ಅವರನ್ನು ಗ್ರೂಪಿನಿಂದಲೇ ಹೊರಹಾಕಬೇಕಾಗುತ್ತದೆ. ಪಿ1 ಎಂಬ ಮೇಲ್ದರ್ಜೆಯ ಲೈಸೆನ್ಸ್ ಇರುವ ಸಂಸ್ಥೆಗಳಲ್ಲಿ ಅಷ್ಟೂ ಅವನ ಕೈಯಲ್ಲಿ ಉಳಿಯುವುದಿಲ್ಲ. ಅಲ್ಲಿ 'ಡೈನಾಮಿಕ್ ಗ್ರೂಪ್' ಎಂಬುದುಂಟು; ಬಳಕೆದಾರರ ವಿವರದಲ್ಲಿ ವಿಭಾಗದ ಹೆಸರು ಏನಿದೆಯೆಂದು ನೋಡಿ ಅದು ತಾನೇ ಸೇರಿಸಿಕೊಳ್ಳುತ್ತದೆ, ತಾನೇ ಬಿಟ್ಟುಬಿಡುತ್ತದೆ. ವಿಭಾಗದ ಹೆಸರು ತುಂಬುವವರು ಕಚೇರಿಯ ಗುಮಾಸ್ತರು. ಅವರ ಮೇಜಿಗೆ ಈಗ ದಿನಕ್ಕೆರಡು ಸಲ ಚಹಾ ಬರುತ್ತದೆ, ಅವರೂ "ಸಂಜಿಕ ಬರ್ರಿ" ಎನ್ನಲು ಕಲಿತಿದ್ದಾರೆ.