ಉಪಕಾರ ಸ್ಮರಣೆ

ಶಾಲೆಯ ಯಾವ ಸಮಾರಂಭದಲ್ಲೂ ವಂದನಾರ್ಪಣೆಗೆ ಕಿವಿಗೊಟ್ಟವರನ್ನು ನಾನು ಕಂಡಿಲ್ಲ. ಅಧ್ಯಕ್ಷರ ಭಾಷಣ ಮುಗಿದದ್ದೇ ತಡ, ಶಾಮಿಯಾನದವನು ಕುರ್ಚಿ ಜೋಡಿಸತೊಡಗುತ್ತಾನೆ. ಹಿಂದಿನ ಸಾಲಿನವರು ಖಾರಾಬೂಂದಿ ಎಲ್ಲಿದೆಯೆಂದು ಮೂಗಿನಲ್ಲೇ ಪತ್ತೆ ಹಚ್ಚುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಾಲ್ಕು ತಾಲ್ಲೂಕುಗಳ ನೀರು ಕುಡಿದ ಹೆಡ್‌ಮೇಷ್ಟ್ರು ನಾನು. ಎಲ್ಲಿ ಹೋದರೂ ನನ್ನ ಪಾಲಿಗೆ ಬಂದದ್ದು ಈ ವಂದನಾರ್ಪಣೆಯೇ.

ಪಾಂಡವಪುರದ ಕಡೆ ಇದ್ದಾಗ ಒಂದು ಸಂಕ್ರಾಂತಿಗೆ, ಮೈಕಿನ ಹಂಗಿಲ್ಲದೆ ಒಬ್ಬೊಬ್ಬರ ಬಳಿಗೇ ಹೋಗಿ ಉಪಕಾರ ಸ್ಮರಿಸೋಣ ಅನ್ನಿಸಿತು. ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ ಎಂದು ಮಕ್ಕಳಿಗೆ ವರ್ಷವರ್ಷವೂ ಹೇಳುವವನು ನಾನೇ ತಾನೆ?

ಮೊದಲು ಹೋದದ್ದು ಬಿಸಿಯೂಟದ ಕೋಣೆಗೆ. 2013ರಲ್ಲಿ ಕ್ಷೀರಭಾಗ್ಯ ಬಂದ ಮೇಲೆ ಅಡುಗೆಯಕ್ಕನ ಕೆಲಸ ಹಾಲಿನ ಪುಡಿಯನ್ನು ಗಂಟಿಲ್ಲದಂತೆ ಕದಡುವಲ್ಲಿಂದ ಶುರು. ಆಮೇಲೆ ಅನ್ನ, ಸಾರು. ನಡುವೆ ತಲೆ ಬಾಚದೆ ಬಂದ ಹುಡುಗಿಗೆ ಜಡೆ.

“ನಿಮ್ಮಿಂದ ತುಂಬಾ ಉಪಕಾರ ಆಗಿದೆ ಕಣಕ್ಕ” ಅಂದೆ.

ಸೌಟು ನಿಂತಿತು. “ಯಾಕ್ ಸಾ, ಟ್ರಾನ್ಸ್‌ಫರ್ ಆಯ್ತಾ?”

ಇಲ್ಲವೆಂದರೆ ನಂಬಲಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ಎಸ್‌ಡಿಎಂಸಿ ಅಧ್ಯಕ್ಷರು ಆಲೆಮನೆಯಿಂದ ಅಂಗಿಗೆ ಪಾಕ ಮೆತ್ತಿಕೊಂಡೇ ಓಡಿಬಂದರು. “ಬಿಇಒ ಹತ್ರ ನಾವ್ ಮಾತಾಡ್ತೀವಿ, ನೀವ್ ಸುಮ್ಕಿರಿ ಸಾ.” ಸಂಜೆಗೆ ಆಫೀಸು ರೂಮಿನ ಗೋಡೆಗೆ ಕಬ್ಬಿನ ಜಲ್ಲೆಗಳು ಒರಗಿ ನಿಂತವು. ಇದ್ದಲ್ಲೇ ಇರುವವನಿಗೆ ಬೀಳ್ಕೊಡುಗೆ! ಹಿಂದಿರುಗಿಸಲು ಧೈರ್ಯ ಬರಲಿಲ್ಲ. ರುಚಿಯೂ ಚೆನ್ನಾಗಿತ್ತು.

ನಮ್ಮ ಸೀಮೆಯಲ್ಲಿ ಬಾಯಿಮಾತಿನ ವಂದನೆಗೆ ಬೆಲೆಯಿಲ್ಲ, ಸಂಶಯ ಮಾತ್ರ ಉಂಟು. ಹಿರೋಡೆ, ಫ್ರೆಂಚ್ ರಾಕ್ಸ್ ಎಂದೆಲ್ಲ ಕರೆಸಿಕೊಂಡ ಊರು ಪಾಂಡವಪುರ. ಕುಂತಿಬೆಟ್ಟಕ್ಕೆ ಪಾಂಡವರು ಬಂದರಂತೆ, ಹೈದರ್–ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದರು. ಹೋಗುವಾಗ ಯಾರೂ ವಂದನಾರ್ಪಣೆ ಮಾಡಿದಂತಿಲ್ಲ. ಇಲ್ಲಿ ಕೃತಜ್ಞತೆ ತೂಕದ ಸಾಮಾನು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿವಲ್ಲಿ ಕಬ್ಬು, ಬೆಲ್ಲ. ಮಳೆ ನಂಬಿದ ನಾಗಮಂಗಲದಲ್ಲಿ ಹುರುಳಿ, ರಾಗಿ, ತೆಂಗಿನಕಾಯಿ. ಶ್ರೀರಂಗಪಟ್ಟಣದಲ್ಲಿ ಸಂಕ್ರಾಂತಿಯ ಸಂಜೆ ರಂಗನಾಥನಿಗೆ ಲಕ್ಷದೀಪ. ಮಾರನೆಯ ದಿನ ಎಣ್ಣೆಗೈಯಲ್ಲೇ ಬಂದು ಹಾಜರಿ ಪುಸ್ತಕ ಮುಟ್ಟಿದ ಹುಡುಗರನ್ನು ಗದರುವ ಮನಸ್ಸಾಗುತ್ತಿರಲಿಲ್ಲ.

ಕೆ.ಆರ್. ಪೇಟೆಯಲ್ಲಿ ಮಾತ್ರ ನಾನು ತುಸು ಹುಷಾರು. ಅಕ್ಕಿಹೆಬ್ಬಾಳಿನಲ್ಲಿ ಎ.ಎನ್. ಮೂರ್ತಿರಾವ್, ಕಿಕ್ಕೇರಿಯಲ್ಲಿ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ತಾಲ್ಲೂಕು. ಅಲ್ಲಿ ಹೆಡ್‌ಮೇಷ್ಟ್ರು ಪ್ರಬಂಧ ಬರೆಯುವುದೆಂದರೆ ಗಾಣದ ಮುಂದೆ ಬೆಲ್ಲ ಮಾರಲು ಕೂತಂತೆ.

ಕೆಲವು ವರ್ಷಗಳ ಮೇಲೆ ಪಾಂಡವಪುರದಿಂದ ನನಗೆ ನಿಜವಾಗಿಯೇ ವರ್ಗವಾಯಿತು. ಈ ಸಲ ಉಪಕಾರದ ಮಾತೆತ್ತಲಿಲ್ಲ. ಬೆಳಿಗ್ಗೆ ಮಕ್ಕಳ ಜೊತೆ ಹಾಲು ಕುಡಿದು, ಲೋಟ ತೊಳೆದು ಕವುಚಿಟ್ಟೆ.

“ಲೋಟ ನೀವ್ಯಾಕ್ ತೊಳುದ್ರಿ ಸಾ?” ಅಂದ ಅಡುಗೆಯಕ್ಕ, ಉತ್ತರಕ್ಕೆ ಕಾಯದೆ ಒಲೆಯ ಕಡೆ ತಿರುಗಿಕೊಂಡರು.